ಹಳೆಯದರ ಹರಟೆ: ಬೇಸ್‌ಬಾಲ್ ಕಾರ್ಡಿಗೆ ಗ್ರೇಡಿಂಗ್ ಮಾಡಿಸಬೇಕಾ?

ಕಳೆದ ಸಂಚಿಕೆಯಲ್ಲಿ ಬೆಂಕಿಪೊಟ್ಟಣದ ಲೇಬಲ್ ಬಗ್ಗೆ ಬರೆಯುತ್ತಾ, ಅಮೆರಿಕದವರು ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡು ಕೂಡಿಡುತ್ತಾರೆ ಅಂತ ನಾಲ್ಕು ಸಾಲು ಸೇರಿಸಿದ್ದೆ. ಲೇಬಲ್ ಬಗ್ಗೆ ಯಾರೂ ಕೇಳಲಿಲ್ಲ. ಕಾರ್ಡಿನ ಬಗ್ಗೆ ಮಾತ್ರ ಕುಮಟಾ, ಕಾರವಾರ, ಶಿರಸಿಯಿಂದ ಪತ್ರ ಬಂದವು. ನಮ್ಮ ಜಿಲ್ಲೆಯ ಅಟ್ಟದ ಮೇಲೆ ಏನೇನಿದೆಯೋ ದೇವರಿಗೇ ಗೊತ್ತು! ಈ ಸಲ ಹೆಚ್ಚಿನ ಜಾಗ ಅವರಿಗೇ.

ಪ್ರಶ್ನೆ: ಅಕ್ಕಾ, ನಮ್ಮ ದೊಡ್ಡಪ್ಪ ಅಮೆರಿಕದಲ್ಲಿ ಇಂಜಿನಿಯರ್ ಆಗಿದ್ದವರು. ಹೋದ ವರ್ಷ ತೀರಿಕೊಂಡರು. ದೊಡ್ಡಮ್ಮ ಊರಿಗೆ ಬರುವಾಗ ಅವರ ಒಂದು ಪೆಟ್ಟಿಗೆ ತಂದಿದ್ದಾರೆ. ಅದರಲ್ಲಿ ಸುಮಾರು 300 ಬೇಸ್‌ಬಾಲ್ ಕಾರ್ಡುಗಳಿವೆ. ಕೆಲವು 1950ರ ದಶಕದವು. ಫೋಟೋ ಕಳಿಸಿದ್ದೇನೆ. ಬೆಂಗಳೂರಿನಲ್ಲಿರುವ ತಮ್ಮ "ಎಲ್ಲವನ್ನೂ ಗ್ರೇಡಿಂಗ್‌ಗೆ ಕಳಿಸು, ಲಕ್ಷಾಂತರ ಬರುತ್ತದೆ" ಅನ್ನುತ್ತಾನೆ. ದೊಡ್ಡಮ್ಮನಿಗೆ ಮಾರುವ ಮನಸ್ಸಿಲ್ಲ. ಏನು ಮಾಡಲಿ? – ಕುಮಟಾದಿಂದ ಒಬ್ಬ ಓದುಗರು

ಉತ್ತರ: ಪೆಟ್ಟಿಗೆ ದೊಡ್ಡಮ್ಮನದು. ಅವರು ಮಾರುವುದಿಲ್ಲ ಅಂದರೆ ಗ್ರೇಡಿಂಗ್ ಮಾತು ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಗ್ರೇಡಿಂಗ್ ಅಂದರೆ ಕಾರ್ಡು ಎಷ್ಟು ಚೆನ್ನಾಗಿದೆ ಅಂತ ಒಂದು ಕಂಪನಿಯವರು ನೋಡಿ ನಂಬರ್ ಕೊಡುವುದು. ಅದು ಮುಖ್ಯವಾಗಿ ಮಾರುವವರ ಕೆಲಸ. ಮನೆಯಲ್ಲಿ ಇಟ್ಟುಕೊಂಡು ನೋಡಿ ಖುಷಿಪಡುವವರಿಗೆ ಅದರಿಂದ ಸಿಗುವುದು ಒಂದು ಪ್ಲಾಸ್ಟಿಕ್ ಡಬ್ಬಿ ಮತ್ತು ಒಂದು ಬಿಲ್ಲು. ಆದರೂ ನಿಮ್ಮ ತಮ್ಮನಿಗೆ ಸಮಾಧಾನ ಆಗಬೇಕಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಈ ಕಾರ್ಡುಗಳು ಮೊದಲು ಸಿಗರೇಟು ಪ್ಯಾಕಿನ ಜೊತೆ ಬರುತ್ತಿದ್ದವು. ಆಮೇಲೆ ಮಕ್ಕಳ ಬಬಲ್‌ಗಮ್ ಜೊತೆ ಬರತೊಡಗಿದವು. ಮಕ್ಕಳು ಜೇಬಿಗೆ ತುರುಕಿದರು, ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಟರ್ರ್ ಅನ್ನಿಸಿದರು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟರು. ಹೀಗಾಗಿ ಹಳೆಯ ಕಾರ್ಡು ಸಿಕ್ಕರೂ ಚೆನ್ನಾಗಿರುವುದು ಸಿಗುವುದಿಲ್ಲ. 'ಚೆನ್ನಾಗಿದೆ' ಅಂದರೆ ಎಷ್ಟು ಚೆನ್ನಾಗಿದೆ ಅನ್ನುವುದೇ ಜಗಳ. ಮಾರುವವನ ಕಣ್ಣಿಗೆ ಎಲ್ಲವೂ ಹೊಸತು, ಕೊಳ್ಳುವವನ ಕಣ್ಣಿಗೆ ಎಲ್ಲವೂ ಹರಕು. ಈ ಜಗಳ ಬಿಡಿಸಲು ಮೂರನೆಯವರು ಬಂದರು. 1991ರಲ್ಲಿ ಪಿಎಸ್‌ಎ ಅನ್ನುವ ಗ್ರೇಡಿಂಗ್ ಕಂಪನಿ ಶುರುವಾಯಿತು. ಅದೇ ಮಾಲೀಕರು ಅದಕ್ಕೂ ಮೊದಲೇ, 1986ರಲ್ಲಿ, ನಾಣ್ಯಗಳಿಗೆ ಇದೇ ಕೆಲಸ ಶುರುಮಾಡಿದ್ದರು. ನಂತರ ಎಸ್‌ಜಿಸಿ, ಬೆಕೆಟ್ ಬಂದವು. ಈಗಲೂ ಹೆಚ್ಚು ಓಡುವ ಹೆಸರು ಪಿಎಸ್‌ಎ.

ಅವರು ನೋಡುವುದು ನಾಲ್ಕು ವಿಷಯ. ಚಿತ್ರ ಕಾರ್ಡಿನ ನಡುವೆ ಸರಿಯಾಗಿ ಕೂತಿದೆಯಾ, ಮೂಲೆ ಚೂಪಾಗಿದೆಯಾ, ಅಂಚು ನೆಟ್ಟಗಿದೆಯಾ, ಮೇಲ್ಮೈಯಲ್ಲಿ ಗೀರು, ಮಡಿಕೆ, ಕಲೆ ಇದೆಯಾ. ನೋಡಿ 1ರಿಂದ 10ರವರೆಗೆ ಒಂದು ನಂಬರ್ ಕೊಡುತ್ತಾರೆ. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು ಸೀಲ್ ಮಾಡುತ್ತಾರೆ. ಇದಕ್ಕೆ ಸ್ಲ್ಯಾಬ್ ಅನ್ನುತ್ತಾರೆ. ಕಾರ್ಡು ಅಸಲಿಯೇ, ಆದರೆ ಯಾರೋ ಕೈಯಾಡಿಸಿದ್ದಾರೆ ಅಂತ ಗೊತ್ತಾದರೆ ನಂಬರ್ ಇಲ್ಲ. 'ಅಸಲಿ' ಅಂತ ಮಾತ್ರ ಬರೆದು ಕೊಡಬಹುದು, ಇಲ್ಲವೇ ವಾಪಸ್ ಕಳಿಸಬಹುದು.

ಶಿರಸಿ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಅಡಿಕೆ ಒಂದೇ ತೋಟದ್ದು, ಒಂದೇ ಅಂಗಳದಲ್ಲಿ ಒಣಗಿದ್ದು. ಆದರೂ ಪೇಟೆಗೆ ಹೋದ ಮೇಲೆ ರಾಶಿ ಬೇರೆ, ಬೆಟ್ಟೆ ಬೇರೆ, ಚಾಲಿ ಬೇರೆ, ಬಿಳೆಗೋಟು ಬೇರೆ, ಕೋಕಾ ಬೇರೆ. ಬೆಳೆಗಾರ ಮನೆಯಲ್ಲಿ ಕೂತು ಎಷ್ಟೇ ಹೊಗಳಿಕೊಂಡರೂ ದರ ನಿಲ್ಲುವುದು ಆ ವಿಂಗಡಣೆಯ ಮೇಲೆ. ಆದರೆ ಮನೆಯ ತಬಕಿಗೆ ಹಾಕಿಕೊಳ್ಳುವ ಅಡಿಕೆಗೆ ಯಾರೂ ಟೆಂಡರ್ ಕರೆಯುವುದಿಲ್ಲ, ಅಲ್ವಾ?

ಈಗ ನಿಮ್ಮ ಫೋಟೋ. ಮುಕ್ಕಾಲು ಪಾಲು 1970ರ ನಂತರದ ಸಾಧಾರಣ ಆಟಗಾರರು. ಅವನ್ನು ಬದಿಗಿಡಿ. ಒಂದು ಕಾರ್ಡಿನ ಮೇಲೆ ನನ್ನ ಕಣ್ಣು ನಿಂತಿತು. ಕಿತ್ತಳೆ ಬಣ್ಣದ ಹಿನ್ನೆಲೆ, ಹ್ಯಾಂಕ್ ಆರನ್ ಮುಖ, ಹಿಂದೆ 128 ಅನ್ನುವ ಸಂಖ್ಯೆ. ಆರನ್ ಅಂದರೆ ಹಳೆಯ ಹೆಸರಾಂತ ಆಟಗಾರ ಬೇಬ್ ರೂತ್‌ನ 714 ಹೋಮ್ ರನ್‌ಗಳ (ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ) ದಾಖಲೆಯನ್ನು 1974ರಲ್ಲಿ ಮುರಿದು, ಕೊನೆಗೆ 755ಕ್ಕೆ ನಿಲ್ಲಿಸಿದ ಆಟಗಾರ. 1954ರಲ್ಲಿ ಟಾಪ್ಸ್ ಕಂಪನಿ ತಂದ ಈ ಕಾರ್ಡು ಅವನ ಮೊದಲ ಕಾರ್ಡು. ಮೊದಲ ವರ್ಷದ ಕಾರ್ಡಿಗೆ ಅಲ್ಲಿ ಯಾವಾಗಲೂ ಬೆಲೆ ಜಾಸ್ತಿ.

ಹಾರಬೇಡಿ, ಮೊದಲು ಒಂದು ಸ್ಕೇಲ್ ತನ್ನಿ. 1994ರಲ್ಲಿ ಟಾಪ್ಸ್ ಕಂಪನಿಯೇ 1954ರ ಕಾರ್ಡುಗಳನ್ನು ಮತ್ತೆ ಅಚ್ಚು ಹಾಕಿತ್ತು. ಚಿತ್ರ ಅದೇ, ಸಂಖ್ಯೆಯೂ ಅದೇ. ಆದರೆ ಮರುಮುದ್ರಣ ಇವತ್ತಿನ ಅಳತೆಯದು: ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ. ಅಂದರೆ ಸುಮಾರು 63.5 ಮಿ.ಮೀ. ಮತ್ತು 89 ಮಿ.ಮೀ. ಮೂಲ ಕಾರ್ಡು ಇದಕ್ಕಿಂತ ದೊಡ್ಡದು, ಸುಮಾರು 66.7 ಮಿ.ಮೀ. ಅಗಲ, 95 ಮಿ.ಮೀ. ಎತ್ತರ. ಟಾಪ್ಸ್ ಈಗಿನ ಚಿಕ್ಕ ಅಳತೆಗೆ ಬಂದಿದ್ದು 1957ರಲ್ಲಿ. ನಿಮ್ಮದು ಚಿಕ್ಕದಿದ್ದರೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿ, ಚೆನ್ನಾಗಿ ಕಾಣುತ್ತದೆ. ದೊಡ್ಡದಿದ್ದು, ಕಾಗದವೂ ಹಳೆಯದಾಗಿ ಕಂಡರೆ, ಮಾರುವ ದಿನ ಬಂದಾಗ ಗ್ರೇಡಿಂಗ್‌ಗೆ ಕಳಿಸಬೇಕಾದ ಕಾರ್ಡು ಅದು. ಬಲಗಡೆ ಮೇಲಿನ ಮೂಲೆ ಮಡಚಿದೆ, ನಿಜ. 2 ಅಥವಾ 3 ಬರಬಹುದು. ಪರವಾಗಿಲ್ಲ. ಇಂಥ ಕಾರ್ಡಿಗೆ ನಂಬರ್‌ಗಿಂತ 'ಇದು ಅಸಲಿ' ಅನ್ನುವ ಭರವಸೆಗೇ ಜನ ದುಡ್ಡು ಕೊಡುತ್ತಾರೆ.

ಕಡಿಮೆ ನಂಬರ್ ಅಂದರೆ ಕಸ ಅಂತ ನಿಮ್ಮ ತಮ್ಮ ತಿಳಿದುಕೊಂಡಿರಬಹುದು. ಹಾಗಲ್ಲ. 2022ರ ಆಗಸ್ಟ್‌ನಲ್ಲಿ ಹೋನಸ್ ವ್ಯಾಗ್ನರ್ ಅನ್ನುವ ಆಟಗಾರನ ಸಿಗರೇಟು ಕಾರ್ಡು 72.5 ಲಕ್ಷ ಡಾಲರಿಗೆ ಹೋಯಿತು. ಅದರ ಗ್ರೇಡ್ ಬರೀ 2! ಅದೇ ತಿಂಗಳು 1952ರ ಟಾಪ್ಸ್ ಮಿಕ್ಕಿ ಮ್ಯಾಂಟಲ್ ಕಾರ್ಡು 1.26 ಕೋಟಿ ಡಾಲರಿಗೆ ಹೋಯಿತು. ಅದರ ಗ್ರೇಡ್ 9.5. ವ್ಯಾಗ್ನರ್ ಕಾರ್ಡು ಸಿಗುವುದೇ ಅಪರೂಪ, ಹೇಗಿದ್ದರೂ ಬೇಕು. ಮ್ಯಾಂಟಲ್ ಕಾರ್ಡು ಅಷ್ಟು ಅಪರೂಪದ್ದಲ್ಲ, ಅಷ್ಟು ಚೆನ್ನಾಗಿರುವುದು ಅಪರೂಪ.

ಈ 1952ರ ಕಾರ್ಡಿನದೇ ಒಂದು ಕಥೆ ಇದೆ. ಅವು ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿದ್ದವಂತೆ. ಜಾಗ ಖಾಲಿ ಮಾಡಲು ಟಾಪ್ಸ್ ಕಂಪನಿಯ ಸೈ ಬರ್ಗರ್ ಅನ್ನುವವರು 1960ರಲ್ಲಿ ಅವನ್ನು ದೋಣಿಗೆ ಹೇರಿಸಿ ನ್ಯೂಜೆರ್ಸಿ ಆಚೆ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರಂತೆ. ಅವರೇ ಹೇಳಿಕೊಂಡ ಮಾತು ಇದು. ಮೀನಿಗೆ ಯಾವ ಗ್ರೇಡ್ ಸಿಕ್ಕಿತೋ!

ಇನ್ನು ಖರ್ಚು. ನಿಮ್ಮ ತಮ್ಮ ಲೆಕ್ಕ ಹಾಕದಿರುವುದು ಇದನ್ನೇ. ಪಿಎಸ್‌ಎ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಕಾರ್ಡೊಂದಕ್ಕೆ ಶುಲ್ಕ, ಹೋಗುವ ಬರುವ ಅಂಚೆ ಖರ್ಚು, ವಿಮೆ, ವಾಪಸ್ ಬರುವಾಗ ಕಸ್ಟಮ್ಸ್ ತಕರಾರು ಬಂದರೆ ಅದು ಬೇರೆ. ಕಾರ್ಡಿನ ಬೆಲೆ ಏರಿದಂತೆ ಶುಲ್ಕವೂ ಏರುತ್ತದೆ. ಉದಾಹರಣೆಗೆ ಒಂದು ಲೆಕ್ಕ ಹಾಕೋಣ, ಅಂಕಿ ನಾನು ಸುಮ್ನೆ ಹಿಡಿದುಕೊಂಡದ್ದು. ಸಾಧಾರಣ ಆಟಗಾರನ ಒಂದು ಕಾರ್ಡು ಹಾಗೇ ಮಾರಿದರೆ 10 ಡಾಲರ್. 5ರ ಗ್ರೇಡ್ ಬಂದರೆ 30. ಶುಲ್ಕ 25, ಅಂಚೆಯ ಪಾಲು 5. ಇಷ್ಟೆಲ್ಲ ಓಡಾಡಿ ಕೈಗೆ ಬಂದದ್ದು ಸೊನ್ನೆ, 10 ಡಾಲರಿನ ಕಾರ್ಡೂ ಹೋಯಿತು. ಇದನ್ನು 300ರಿಂದ ಗುಣಿಸಿ ತಮ್ಮನಿಗೆ ತೋರಿಸಿ.

ಅವನಿಗೆ ಒಂದು ಕೆಲಸವನ್ನೂ ಕೊಡಿ. ಇ-ಬೇ ಜಾಲತಾಣದಲ್ಲಿ ಕಾರ್ಡಿನ ವರ್ಷ, ಹೆಸರು ಹಾಕಿ, 'ಮಾರಾಟವಾದವು' ಅನ್ನುವ ಪಟ್ಟಿಯನ್ನು ಮಾತ್ರ ನೋಡಲಿ. ಮಾರಲು ಇಟ್ಟವರು ಬರೆದ ಬೆಲೆ ನೋಡಬಾರದು. ಅದು ಅವರ ಆಸೆ ಅಷ್ಟೇ. ಗ್ರೇಡ್ ಇಲ್ಲದ್ದು ಎಷ್ಟಕ್ಕೆ ಹೋಯಿತು, 2, 3, 4ರ ಗ್ರೇಡಿನದು ಎಷ್ಟಕ್ಕೆ ಹೋಯಿತು ಅಂತ ಬರೆದುಕೊಳ್ಳಲಿ. ನಡುವಿನ ಅಂತರ ಖರ್ಚಿನ ಎರಡು ಪಟ್ಟಾದರೂ ಇಲ್ಲದಿದ್ದರೆ ನಾನು ಕಳಿಸುವುದಿಲ್ಲ.

ಕಳಿಸುವುದೇ ಆದರೆ ಅಂಚೆಗೆ ಹಾಕಬೇಡಿ. ಅಮೆರಿಕಕ್ಕೆ ಹೋಗುವ ನಂಬಿಕೆಯವರ ಕೈಚೀಲದಲ್ಲಿ ಹೋಗಲಿ. ದೊಡ್ಡಮ್ಮನ ಮಕ್ಕಳು ಅಲ್ಲಿದ್ದರೆ ಅವರೇ ಅಲ್ಲಿಂದ ಕಳಿಸಿ, ಅಲ್ಲಿಯೇ ಮಾರಲಿ. ಕುಮಟಾದಲ್ಲಿ ಕೊಳ್ಳುವವರು ಯಾರಿದ್ದಾರೆ? ಕಾರ್ಡನ್ನು ಮೊದಲು ತೆಳು ಕವರಿಗೆ ಹಾಕಿ, ಆಮೇಲೆ ಅರೆಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಬೇಕು. ಪಿಎಸ್‌ಎಯವರು ಕೇಳುವುದೂ ಅದನ್ನೇ. ತೀರಾ ಬಿರುಸಾದ ಡಬ್ಬಿ ಅವರಿಗೆ ಬೇಡ, ತೆಗೆಯುವಾಗ ಮೂಲೆಗೆ ಪೆಟ್ಟು ಬೀಳುತ್ತದೆ.

ಪ್ರಶ್ನೆ: ಇನ್ನೊಂದು ಮಾತು ಅಕ್ಕಾ. ಮಾರದಿದ್ದರೂ, ಸ್ಲ್ಯಾಬಿನಲ್ಲಿ ಇಟ್ಟರೆ ನಮ್ಮ ಮಳೆಗಾಲಕ್ಕೆ ಹಾಳಾಗುವುದಿಲ್ಲ ಅಲ್ವಾ? – ಅದೇ ಕುಮಟಾದವರು

ಉತ್ತರ: ಆಗುತ್ತದೆ. ಸ್ಲ್ಯಾಬ್ ಅಂಚು ಬೆಸೆದಿರುತ್ತದೆ, ಆದರೆ ಗಾಳಿ ಪೂರ್ತಿ ನಿಲ್ಲುವುದಿಲ್ಲ. ಗಾಳಿ ಹೋದಲ್ಲಿ ಥಂಡಿಯೂ ಹೋಗುತ್ತದೆ. ಗ್ರಂಥಾಲಯದಲ್ಲಿ ಹಳೆಯ ಕಾಗದ ಕಾಯ್ದುಕೊಂಡೇ ನೌಕರಿ ಮುಗಿಸಿದವಳು ನಾನು. ನಮ್ಮ ಕರಾವಳಿಯ ಜೂನ್, ಜುಲೈ ತಿಂಗಳಲ್ಲಿ ಕಾಗದ ಏನಾಗುತ್ತದೆ ಅಂತ ಯಾರೂ ನನಗೆ ಹೇಳಬೇಕಾಗಿಲ್ಲ. ದಪ್ಪ ರಟ್ಟು ಥಂಡಿ ಹೀರಿ ಬಾಗುತ್ತದೆ, ಆಮೇಲೆ ಬೂಷ್ಟು ಬರುತ್ತದೆ. ಸಾಲದ್ದಕ್ಕೆ ವರಲೆ, ಮತ್ತೆ ಕಾಗದ ತಿನ್ನುವ ಆ ಬೆಳ್ಳಿ ಬಣ್ಣದ ಸಣ್ಣ ಹುಳ.

ಹೀಗೆ ಮಾಡಿ. ಕಾರ್ಡಿಗೊಂದರಂತೆ ಪಾಲಿಪ್ರೊಪಿಲಿನ್ ಅಥವಾ ಪಾಲಿಯೆಸ್ಟರ್ ಕವರು ಹಾಕಿ. ಅಂಗಡಿಯಲ್ಲಿ ಸಿಗುವ ವಾಸನೆ ಬರುವ ಮೆತ್ತನೆಯ ಪಿವಿಸಿ ಆಲ್ಬಂ ಬೇಡ, ವರ್ಷ ಕಳೆದ ಮೇಲೆ ಅದು ಜಿಗುಟಾಗಿ ಕಾರ್ಡಿಗೇ ಅಂಟುತ್ತದೆ. ಎಲ್ಲವನ್ನೂ ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಇಟ್ಟು, ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಣ್ಣ ಬದಲಿಸುವ ಜೆಲ್ ಆದರೆ ಒಳ್ಳೆಯದು, ಥಂಡಿ ಹೀರಿ ಮುಗಿಯಿತು ಅಂತ ಅದೇ ಹೇಳುತ್ತದೆ. ಆಗ ಬಿಸಿ ಮಾಡಿ ಮತ್ತೆ ಬಳಸಬಹುದು. ಡಬ್ಬಿಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ಅಟ್ಟದ ಮೇಲಂತೂ ಬೇಡವೇ ಬೇಡ. ಸೀರೆ ಪೆಟ್ಟಿಗೆಗೆ ಹಾಕುವ ನ್ಯಾಫ್ತಲಿನ್ ಗುಳಿಗೆಯನ್ನು ಇದಕ್ಕೂ ಹಾಕುವ ಅಭ್ಯಾಸ ನಮ್ಮಲ್ಲಿದೆ. ಅದರ ಆವಿ ಪ್ಲಾಸ್ಟಿಕ್ಕಿಗೆ ಒಳ್ಳೆಯದಲ್ಲ. ಗೋಡೆಗೆ ಹಾಕುವುದಾದರೆ ಬಿಸಿಲು ಬೀಳದ ಗೋಡೆ ನೋಡಿ.

ಇಷ್ಟಕ್ಕೆ ತಗಲುವ ಖರ್ಚು ಒಂದೆರಡು ಕಾರ್ಡಿನ ಗ್ರೇಡಿಂಗ್ ಶುಲ್ಕಕ್ಕಿಂತ ಜಾಸ್ತಿ ಆಗಲಿಕ್ಕಿಲ್ಲ.

ಪ್ರಶ್ನೆ: ಮೇಡಂ, ನನ್ನ ಮಗ ಮರ್ಚೆಂಟ್ ನೇವಿಯಲ್ಲಿದ್ದಾನೆ. ಬಾಲ್ಟಿಮೋರ್ ಬಂದರಿನಲ್ಲಿ ಹಡಗು ನಿಂತಾಗ ಹಳೆ ಸಾಮಾನಿನ ಅಂಗಡಿಯಿಂದ 1933ರ ಗೌಡಿ ಕಂಪನಿಯ ಒಂದು ಕಾರ್ಡು ತಂದಿದ್ದಾನೆ. ಆಟಗಾರ ಅಷ್ಟು ಹೆಸರುವಾಸಿ ಅಲ್ಲವಂತೆ. ಒಂದು ಅಂಚು ಪಿಸಿದಿದೆ. ನಮ್ಮ ಮನೆಯವರು ಝೆರಾಕ್ಸ್ ಅಂಗಡಿಯ ಕಟರ್‌ನಲ್ಲಿ ಒಂದು ಎಳೆ ಕತ್ತರಿಸಿ, ಬಟ್ಟೆ ಮುಚ್ಚಿ ಇಸ್ತ್ರಿ ಹಾಕಿ, ಆಮೇಲೆ ಗ್ರೇಡಿಂಗ್‌ಗೆ ಕಳಿಸೋಣ ಅನ್ನುತ್ತಾರೆ. – ಕಾರವಾರದ ಗೃಹಿಣಿ

ಉತ್ತರ: ಈ ಪತ್ರ ಮುಟ್ಟುವಷ್ಟರಲ್ಲಿ ಕಟರ್ ಓಡಿಲ್ಲ ಅಂತ ಭಾವಿಸುತ್ತೇನೆ. ಇಸ್ತ್ರಿ ಪೆಟ್ಟಿಗೆ ಸ್ವಲ್ಪ ದಿನ ಎತ್ತಿಡಿ.

ಕತ್ತರಿಸಿದ ಅಂಚನ್ನು ಅವರು ಭೂತಗನ್ನಡಿ ಹಿಡಿದು, ಅಳತೆ ನೋಡಿ ಪತ್ತೆ ಹಚ್ಚುತ್ತಾರೆ. 1933ರ ಗೌಡಿ ಕಾರ್ಡು ಸುಮಾರು 60 ಮಿ.ಮೀ. ಅಗಲ, 73 ಮಿ.ಮೀ. ಎತ್ತರ ಇರಬೇಕು. ಒಂದು ಮಿಲಿಮೀಟರ್ ಕಡಿಮೆಯಾದರೂ ಅನುಮಾನ ಶುರು. ಪಿಸಿದ ಅಂಚಿನ ಕಾರ್ಡಿಗೆ ಒಂದು ಸಣ್ಣ ನಂಬರಾದರೂ ಸಿಗುತ್ತದೆ. ಕತ್ತರಿಸಿದ್ದಕ್ಕೆ ಅದೂ ಇಲ್ಲ. ಮಡಿಕೆ ಒತ್ತಿ ತೆಗೆಯುವುದು, ಬಣ್ಣ ಹಚ್ಚುವುದು, ರಾಸಾಯನಿಕದಿಂದ ಕಲೆ ತೊಳೆಯುವುದು ಎಲ್ಲ ಇದೇ ಲೆಕ್ಕ. ತಿಳಿಸದೆ ಮಾರಿದರೆ ಅದು ಮೋಸ.

ಹಾಗಂತ ಗ್ರೇಡ್ ಕೊಡುವವರು ತಪ್ಪುವುದೇ ಇಲ್ಲ ಅಂತಲ್ಲ. ಕಾರ್ಡು ಲೋಕದ ಅತಿ ದೊಡ್ಡ ಪ್ರಕರಣವೇ ಅಂಚು ಕತ್ತರಿಸಿದ್ದು. ಮೇಲೆ ಹೇಳಿದೆನಲ್ಲ, ಹೋನಸ್ ವ್ಯಾಗ್ನರ್. 1909ರಿಂದ 1911ರವರೆಗೆ ಸಿಗರೇಟಿನ ಜೊತೆ ಬಂದ, ಸಂಗ್ರಹಿಸುವವರು ಟಿ206 ಅಂತ ಕರೆಯುವ ಸರಣಿ ಅದು. ಅದರಲ್ಲಿ ವ್ಯಾಗ್ನರ್‌ನದೇ ಇನ್ನೊಂದು ಕಾರ್ಡು ಇತ್ತು, ಎಲ್ಲಕ್ಕಿಂತ ಚೆಂದದ್ದು. ಐಸ್ ಹಾಕಿ ಆಟಗಾರ ವೇನ್ ಗ್ರೆಟ್ಸ್‌ಕಿ 1991ರಲ್ಲಿ ಪಾಲುದಾರರೊಬ್ಬರ ಜೊತೆ ಸೇರಿ 4,51,000 ಡಾಲರಿಗೆ ಅದನ್ನು ಕೊಂಡರು. ಆಗಷ್ಟೇ ಹುಟ್ಟಿದ ಪಿಎಸ್‌ಎ ಗ್ರೇಡ್ ಕೊಟ್ಟ ಮೊತ್ತಮೊದಲ ಕಾರ್ಡು ಅದೇ. ಕೊಟ್ಟ ನಂಬರ್ 8. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಹೋಯಿತು. ಅಂಚಿನ ಬಗ್ಗೆ ಗುಸುಗುಸು ಮಾತ್ರ ನಿಂತಿರಲಿಲ್ಲ. ಕೊನೆಗೆ 2013ರಲ್ಲಿ ಬಿಲ್ ಮಾಸ್ಟ್ರೊ ಅನ್ನುವ ಹರಾಜು ವ್ಯಾಪಾರಿ, ಬೇರೆ ಮೋಸದ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ, ಆ ಕಾರ್ಡಿನ ಅಂಚು ಕತ್ತರಿಸಿದ್ದು ತಾನೇ ಅಂತ ಒಪ್ಪಿಕೊಂಡರು. ಪಿಎಸ್‌ಎಯ ಮೊದಲ ಕಾರ್ಡೇ ಹೀಗೆ!

ಇದನ್ನು ಯಾಕೆ ಹೇಳಿದೆ ಅಂದರೆ, ಆ ನಂಬರ್ ಒಬ್ಬ ಮನುಷ್ಯನ ಅಭಿಪ್ರಾಯ. ಅನುಭವಿ ಮನುಷ್ಯ, ಒಪ್ಪಿದೆ. ಆದರೆ ಸ್ಲ್ಯಾಬ್ ಒಡೆದು ಅದೇ ಕಾರ್ಡನ್ನು ಮತ್ತೆ ಕಳಿಸಿ, ಬೇರೆ ನಂಬರ್ ಪಡೆದವರು ಬೇಕಾದಷ್ಟು ಜನ ಇದ್ದಾರೆ. ಮಗಳ ಮನೆಗೆ ನ್ಯೂಜೆರ್ಸಿಗೆ ಹೋದಾಗ ಅಲ್ಲಿನ ಕಾರ್ಡು ಮೇಳ ಸುತ್ತುವುದು ನನ್ನ ಚಟ. ಅಲ್ಲಿನ ಹಳೆ ತಲೆಗಳು ಪದೇ ಪದೇ ಹೇಳುವ ಮಾತು: ಡಬ್ಬಿ ಕೊಳ್ಳಬೇಡಿ, ಕಾರ್ಡು ಕೊಳ್ಳಿ. ನಕಲಿ ಸ್ಲ್ಯಾಬೂ ಬಂದಿದೆ ಅಂತ ಮಗನಿಗೆ ಹೇಳಿ. ಮುಂದೆ ಗ್ರೇಡ್ ಆದ ಕಾರ್ಡು ಕೊಳ್ಳುವಾಗ ಲೇಬಲ್ ಮೇಲಿನ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ತಾಳೆ ನೋಡಲಿ. ಅದಕ್ಕೆ ದುಡ್ಡಿಲ್ಲ.

ನಿಮ್ಮ ಕಾರ್ಡಿನ ಮಟ್ಟಿಗೆ: ಸಾಧಾರಣ ಆಟಗಾರ, ಪಿಸಿದ ಅಂಚು, ಒಂದೇ ಕಾರ್ಡು. ಗ್ರೇಡಿಂಗ್ ಬೇಡ. ಕವರಿಗೆ ಹಾಕಿ ಇಡಿ. ಬೇಬ್ ರೂತ್ ಹುಟ್ಟಿದ ಊರು ಬಾಲ್ಟಿಮೋರ್. 1933ರ ಗೌಡಿ ಸರಣಿಯಲ್ಲಿ ಅವನದೇ ನಾಲ್ಕು ಕಾರ್ಡುಗಳಿವೆ. ಮಗ ಮುಂದಿನ ಸಲ ಆ ಬಂದರಿಗೆ ಹೋದರೆ ಅದೇ ಅಂಗಡಿಯಲ್ಲಿ ಇನ್ನೊಮ್ಮೆ ಕಣ್ಣಾಡಿಸಲಿ. ಅಂಥದ್ದು ಸಿಕ್ಕರೆ ನನಗೆ ಮೊದಲು ಫೋನ್ ಮಾಡಿ, ಮನೆಯವರಿಗೆ ಆಮೇಲೆ ಹೇಳಿ.

ಪ್ರಶ್ನೆ: ನಾನು ಅಮೆರಿಕದಿಂದ ವಾಪಸ್ ಬಂದು ಶಿರಸಿ ಹತ್ತಿರ ತೋಟ ನೋಡಿಕೊಂಡಿದ್ದೇನೆ. 1989ರಿಂದ 1991ರವರೆಗಿನ ಬೇಸ್‌ಬಾಲ್ ಕಾರ್ಡು ಡಬ್ಬಿಗಟ್ಟಲೆ ಇದೆ. ಕೆಲವು ಪ್ಯಾಕ್ ಒಡೆದೇ ಇಲ್ಲ. ಕೆನ್ ಗ್ರಿಫಿ ಜೂನಿಯರ್‌ನ 1989ರ ಅಪ್ಪರ್ ಡೆಕ್ ಕಂಪನಿಯ ಕಾರ್ಡೂ ಇದೆ. 35 ವರ್ಷ ದಾಟಿದೆ, ಈಗ ಹಳೆಯದು ಅಂತ ಲೆಕ್ಕ ಅಲ್ವಾ? – ಶಿರಸಿಯ ಓದುಗ

ಉತ್ತರ: ವಯಸ್ಸಾಗಿದೆ, ಬೆಲೆ ಬಂದಿಲ್ಲ. ಬೇಸರ ಮಾಡಿಕೊಳ್ಳಬೇಡ ತಮ್ಮಾ. ಆ ವರ್ಷಗಳಲ್ಲಿ ಕಾರ್ಡು ಚಿನ್ನ ಆಗುತ್ತದೆ ಅಂತ ಎಲ್ಲರೂ ಕೊಂಡರು, ಕಂಪನಿಗಳು ಹಗಲುರಾತ್ರಿ ಅಚ್ಚು ಹಾಕಿದವು, ಕೊಂಡವರೆಲ್ಲ ಜೋಪಾನವಾಗಿ ಇಟ್ಟರು. ಸೈಕಲ್ ಚಕ್ರಕ್ಕೆ ಯಾರೂ ಸಿಕ್ಕಿಸಲಿಲ್ಲ. ಈಗ ಎಲ್ಲರ ಹತ್ತಿರವೂ ಇದೆ, ಎಲ್ಲವೂ ಚೆನ್ನಾಗಿದೆ.

ಗ್ರಿಫಿಯ ಕಾರ್ಡು ಅಪ್ಪರ್ ಡೆಕ್‌ನ ಮೊದಲ ವರ್ಷದ 1ನೇ ಸಂಖ್ಯೆಯದು, ಹೆಸರು ದೊಡ್ಡದೇ. ಆದರೆ ಪಿಎಸ್‌ಎಯಿಂದ 10 ಪಡೆದ ಪ್ರತಿಗಳೇ ಸಾವಿರಾರು ಇವೆ. ಯಾವ ಕಾರ್ಡಿಗೆ ಯಾವ ನಂಬರ್ ಎಷ್ಟು ಸಲ ಕೊಟ್ಟಿದ್ದೇವೆ ಅನ್ನುವ ಪಟ್ಟಿಯನ್ನು ಅವರೇ ಜಾಲತಾಣದಲ್ಲಿ ಹಾಕಿದ್ದಾರೆ, ನೋಡಿಕೊ. ಈ ಕಾಲದ ಕಾರ್ಡಿಗೆ 10 ಬಂದರೆ ಮಾತ್ರ ಗ್ರೇಡಿಂಗ್ ಖರ್ಚಿಗೆ ಅರ್ಥ. 8 ಬಂದರೆ ಶುಲ್ಕವೂ ಹುಟ್ಟುವುದು ಕಷ್ಟ. ಭೂತಗನ್ನಡಿ ಹಿಡಿದು ನಾಲ್ಕೂ ಮೂಲೆ ನೋಡು. ಒಂದೇ ಒಂದು ಬಿಳಿ ಚುಕ್ಕೆ ಕಂಡರೂ ಬಿಟ್ಟುಬಿಡು. ಉಳಿದ ಡಬ್ಬಿಗಳನ್ನು ಊರಿನ ಮಕ್ಕಳಿಗೆ ಹಂಚಿದರೆ ನಾನಂತೂ ಬೇಡ ಅನ್ನುವುದಿಲ್ಲ.

ಪ್ರಶ್ನೆ: ತೋಟದಲ್ಲಿ ತೆಂಗಿನ ಗುಂಡಿ ಅಗೆಯುವಾಗ ಹಳೆಯ ನಾಣ್ಯ ಕೆಲವು ಸಿಕ್ಕಿವೆ. ಹೇಗೂ ಅಮೆರಿಕದಲ್ಲಿ ನಾಣ್ಯಕ್ಕೂ ಗ್ರೇಡಿಂಗ್ ಇದೆಯಂತಲ್ಲ, ಭಾವ ಹೋಗುವಾಗ ಕಳಿಸಲಾ? – ಹೊನ್ನಾವರ

ಉತ್ತರ: ಬೇಡ. ಬೇಸ್‌ಬಾಲ್ ಕಾರ್ಡಿನ ಕಥೆ ಬೇರೆ, ಇದು ಬೇರೆ. ನೆಲದಲ್ಲಿ ಸಿಕ್ಕ ಹಳೆಯ ನಾಣ್ಯವನ್ನು ಸರ್ಕಾರಕ್ಕೆ ತಿಳಿಸಬೇಕು ಅಂತ ಬ್ರಿಟಿಷರ ಕಾಲದಿಂದಲೂ ನಿಧಿ ಕಾನೂನು ಇದೆ. ಅದರ ಮೇಲೆ 1972ರ ಪ್ರಾಚ್ಯವಸ್ತು ಕಾಯ್ದೆ. ಅದರ ಪ್ರಕಾರ 100 ವರ್ಷಕ್ಕಿಂತ ಹಳೆಯ ನಾಣ್ಯವನ್ನು ನಾವು ನೀವು ದೇಶದ ಆಚೆ ಒಯ್ಯುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವುದು ಪಾಪದ ಭಾವ. ತಹಶೀಲ್ದಾರರ ಕಚೇರಿಗೆ ಹೋಗಿ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಅಂತ ಬರೆದಿಡಿ, ಫೋಟೋ ತೆಗೆದಿಡಿ. ಅಲ್ಲಿಯವರೆಗೆ ಮಣ್ಣು ಹಾಗೇ ಇರಲಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಈಗಾಗಲೇ ಒಂದನ್ನು ತಿಕ್ಕಿ ನೋಡಿದ್ದರೆ, ಉಳಿದವನ್ನಾದರೂ ಬಿಡಿ.